ಗುರುವಾರದ ಬೈಗುಳ

ನಮ್ಮೂರಲ್ಲಿ ಹಾಲು ಉಕ್ಕಿ ಒಲೆಗೆ ಸುರಿದರೆ ಹೆಂಗಸರು ಹೇಳುವುದು ಒಂದೇ ಮಾತು: ‘ಆಕ್ಟ್ ಆಫ್ ಗಾಡ್.’ ರೊಟ್ಟಿ ಸೀದರೆ ಆಕ್ಟ್ ಆಫ್ ಗಾಡ್. ಗಂಡಸರು ಹೆಂಡದಂಗಡಿಯಿಂದ ಕಾಲು ತಪ್ಪುತ್ತ ಮನೆಗೆ ಬಂದರೆ ಅದೂ ಆಕ್ಟ್ ಆಫ್ ಗಾಡ್. ಕಮ್ಮಾರನ ಮಗಳಿಗೆ ಮದುವೆಯಾಗಿ ಐದೇ ತಿಂಗಳಿಗೆ ಮಗು ಹುಟ್ಟಿದಾಗ ಇಡೀ ಊರು ಆ ಮಾತನ್ನೇ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಅದು ಕಾನೂನಿನವರ ಮಾತು. ಮನುಷ್ಯನ ಕೈ ಸೋಕದೆ, ಗಾಳಿಯಿಂದಲೋ ನೀರಿನಿಂದಲೋ ಮಂಜಿನಿಂದಲೋ ಆದದ್ದಕ್ಕೆ ಅವರು ಇಟ್ಟ ಹೆಸರು, ದೇವರ ಕೆಲಸ ಎಂದು. ಚಿಪ್ಪು ಆಯುವವರ ಈ ಊರಿಗೆ ಆ ದೊಡ್ಡ ಮಾತು ಬಂದು ಸೇರಿದ್ದು ನನ್ನಿಂದ. ಅದು ಯಾರಿಗೂ ಗೊತ್ತಿಲ್ಲ. ನಗುವವರ ಜೊತೆ ನಾನೂ ನಗುತ್ತೇನೆ, ಆದರೆ ಆ ನಗು ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ.

ನನ್ನ ಹೆಸರು ಡಾರ್ಕಸ್. ನನ್ನ ಅಪ್ಪ ಏಬೆಲ್ ಗಾರ್ನೆಟ್ ಕಡವಿನವನಾಗಿದ್ದ, ದೋಣಿಯಿಲ್ಲದೆ ಜನರನ್ನು ಕೊಲ್ಲಿ ದಾಟಿಸುವವನು. ಆಗ ಇನ್ನೂ ರೈಲಿನ ಸೇತುವೆ ಬಂದಿರಲಿಲ್ಲ. ಸಮುದ್ರ ಹಿಂದಕ್ಕೆ ಸರಿದಾಗ ಕೊಲ್ಲಿಯ ತಳ ಬರಿದಾಗಿ ಒಂಬತ್ತು ಮೈಲಿ ಮರಳು ತೆರೆದುಕೊಳ್ಳುತ್ತಿತ್ತು. ಆಚೆ ದಡದ ಪೇಟೆಗೆ ಹೋಗುವವರಿಗೆಲ್ಲ ಅದೇ ದಾರಿ. ಗಾಡಿ, ಕುದುರೆ, ಮದುವೆ ದಿಬ್ಬಣ, ಹೆಣದ ಪೆಟ್ಟಿಗೆ, ಎಲ್ಲವೂ ಆ ಒದ್ದೆ ಮರಳಿನ ಮೇಲೆಯೇ ಹೋಗಿ, ನೀರು ತಿರುಗುವ ಮುಂಚೆ ಆಚೆ ದಡ ಸೇರಬೇಕು. ನಡುವೆ ಎಲ್ಲರ್ ನದಿ. ಆ ನದಿಗೆ ಒಂದು ಕಡೆ ಮಲಗುವ ಅಭ್ಯಾಸವೇ ಇಲ್ಲ. ಇವತ್ತು ಇಲ್ಲಿ ಮೊಣಕಾಲುದ್ದ ಹರಿದರೆ ನಾಳೆ ಅರ್ಧ ಮೈಲಿ ಆಚೆ ಹೋಗಿ, ಬಿಟ್ಟ ಜಾಗದಲ್ಲಿ ಆಳುದ್ದ ಕೆಸರು ತುಂಬಿಟ್ಟಿರುತ್ತದೆ. ಅಪ್ಪ ದಿನವೂ ಉದ್ದ ಕೋಲು ಹಿಡಿದು ನದಿಗೆ ಇಳಿದು ಹಾಯುವ ಜಾಗ ಹುಡುಕಿ, ಅಲ್ಲಿಗೆ ಹೋಗುವ ದಾರಿಗುಂಟ ಲಾರೆಲ್ ಗಿಡದ ಕೊಂಬೆಗಳನ್ನು ಮರಳಲ್ಲಿ ನೆಡುತ್ತಿದ್ದ. ಲಾರೆಲ್ಲೇ ಏಕೆಂದರೆ ಅದರ ಎಲೆ ಉಪ್ಪುನೀರಿಗೂ ಉದುರುವುದಿಲ್ಲ, ದೂರದಿಂದಲೂ ಕಾಣುತ್ತದೆ. ಜನ ಆ ಹಸಿರನ್ನು ನಂಬಿ ನಡೆಯುತ್ತಿದ್ದರು.

ನದಿ ಜಾಗ ಬದಲಿಸಿದಾಗ ಕೆಲಸ ಎರಡು. ಹೊಸ ಕೊಂಬೆ ನೆಡುವುದು ಅಪ್ಪನದು. ಹಳೆಯದನ್ನು ಕೀಳುವುದು, ಅಮ್ಮ ಸತ್ತ ಮೇಲೆ, ನನ್ನದು.

ಆ ಬುಧವಾರ ಮಧ್ಯಾಹ್ನ ನನಗೆ ಹತ್ತೊಂಬತ್ತು ವರ್ಷ. ನದಿ ಸರಿದಿತ್ತು. ಅಪ್ಪ ಹೊಸ ಸಾಲು ನೆಟ್ಟು ಬೆನ್ನು ನೇರ ಮಾಡಿಕೊಳ್ಳುತ್ತ ಹೇಳಿದ:

“ಹಳೇದನ್ನ ಒಂದೂ ಬಿಡದೆ ಕಿತ್ಹಾಕು ಹುಡುಗಿ. ಸುಳ್ಳು ಹೇಳೋ ಕೊಂಬೆಗಿಂತ ಕೊಂಬೆ ಇಲ್ದೆ ಇರೋದೇ ವಾಸಿ.”

“ಗೊತ್ತಪ್ಪಾ. ಹುಟ್ದಾಗಿಂದ ಕೇಳ್ತಾ ಇದೀನಿ.”

“ಕೇಳೋದು ಬೇರೆ, ಮಾಡೋದು ಬೇರೆ” ಎಂದು ಅವನು ಗಾಡಿ ಹೊಡೆದುಕೊಂಡು ದಡದ ಕಡೆ ಹೋದ.

ಹಳೆಯ ಸಾಲಿನಲ್ಲಿ ಹದಿನಾಲ್ಕು ಕೊಂಬೆ. ಹನ್ನೊಂದು ಕಿತ್ತೆ. ಆಗ ಗಾಳಿ ನಿಂತಿತು. ಕೊಲ್ಲಿಯಲ್ಲಿ ಗಾಳಿ ನಿಲ್ಲುವುದು ಅಪರೂಪ. ನಿಂತಾಗ ಕಿವಿಯೊಳಗೆ ಯಾರೋ ಹತ್ತಿ ಇಟ್ಟಂತಾಗುತ್ತದೆ. ತಲೆಯೆತ್ತಿದರೆ ಆಚೆ ದಡ ನೆಲ ಬಿಟ್ಟು ಮೇಲೆದ್ದಿತ್ತು. ಸುಳ್ಳಲ್ಲ, ಬಿಸಿಲುಗುದುರೆಯ ಹಾಗೆ ಅದೊಂದು ಬೆಳಕಿನಾಟ, ಕೊಲ್ಲಿಯವರು ಒಬ್ಬಿಬ್ಬರು ಅದನ್ನು ಕಂಡಿದ್ದಾರೆ. ಚರ್ಚಿನ ಗೋಪುರ, ಸಾಲು ಮನೆ, ಗೋಧಿ ಕೊಯ್ದ ಹೊಲ, ಎಲ್ಲ ಒದ್ದೆ ಮರಳಿನಿಂದ ಒಂದು ಮಾರು ಮೇಲೆ ತೇಲುತ್ತಿದ್ದವು. ಅದರ ಮೇಲೆ ಇನ್ನೊಂದು ಊರು, ತಲೆಕೆಳಗಾಗಿ, ಗೋಪುರಕ್ಕೆ ಗೋಪುರ ತಾಗಿಸಿಕೊಂಡು. ಆ ತಲೆಕೆಳಗಾದ ಊರಿನಲ್ಲಿ ಒಬ್ಬ ಹೆಂಗಸು ಬಿಳಿ ಬಟ್ಟೆ ಒಣಹಾಕುತ್ತಿದ್ದಳು. ಬಟ್ಟೆ ಮೇಲ್ಮುಖವಾಗಿ ಇಳಿಬಿದ್ದಿತ್ತು. ಮೈಲಿಗಟ್ಟಲೆ ದೂರದ ಹೆಂಗಸು ನನಗೆ ಕಂಡದ್ದು ಹೇಗೋ ನಾನು ಹೇಳಲಾರೆ, ಆದರೆ ಅವಳು ಒಮ್ಮೆ ನಿಂತು ಹಣೆಯ ಕೂದಲು ಸರಿಸಿಕೊಂಡದ್ದೂ ಕಂಡಿತು. ನನ್ನ ಕಾಲಡಿಯ ಮರಳಿನಲ್ಲಿ ಆಕಾಶ ತುಂಬಿತ್ತು. ಮೇಲೆ ಆಕಾಶ, ಕೆಳಗೆ ಆಕಾಶ, ನಡುವೆ ನಾನು, ಕೈಯಲ್ಲಿ ಒಂದು ಹೊರೆ ಕೊಂಬೆ. ನನ್ನ ಬದುಕಿನಲ್ಲಿ ಅಷ್ಟು ಹಗುರಾಗಿ ನಾನು ಹಿಂದೆಂದೂ ನಿಂತಿರಲಿಲ್ಲ, ಮುಂದೆಯೂ ನಿಲ್ಲಲಿಲ್ಲ.

ಎಷ್ಟು ಹೊತ್ತು ನಿಂತೆನೋ. ಪಾದಕ್ಕೆ ತಣ್ಣಗೆ ನೀರು ತಾಗಿದಾಗ ಊರೂ ಇಲ್ಲ, ಹೆಂಗಸೂ ಇಲ್ಲ. ಉಬ್ಬರದ ಮೊದಲ ಎಳೆ ಬಂದುಬಿಟ್ಟಿತ್ತು. ಓಡಿದೆ. ಆ ಮೂರು ಕೊಂಬೆ ಅಲ್ಲೇ ಉಳಿದವು. ನೆನಪಾಗಲೂ ಇಲ್ಲ.

ಮರುದಿನ ಬೆಳಗ್ಗೆ ಮಂಜು. ಮಂಜಿನಲ್ಲಿ ಅಪ್ಪ ದಡದಲ್ಲಿ ನಿಂತು ಕೊಂಬು ಊದುವ ತನಕ ಯಾರೂ ಮರಳಿಗೆ ಇಳಿಯಬಾರದು, ಅದು ನಮ್ಮವರ ನಿಯಮ. ಸೈಲಸ್ ಇಳಿದ. ಓಕ್ ಮರದ ಸೀಳುಗಳಿಂದ ಬುಟ್ಟಿ ಹೆಣೆಯುವವನು ಅವನು. ಆವತ್ತು ಆಚೆ ಪೇಟೆಯಲ್ಲಿ ಸಂತೆ. ಹೆಗಲ ತುಂಬ ಬುಟ್ಟಿ ತೂಗುಹಾಕಿಕೊಂಡು, ‘ಕೊಂಬೆ ಇದಾವಲ್ಲ, ಏಬೆಲ್ ಯಾಕೆ’ ಎಂದು ನೆರೆಯವನಿಗೆ ಹೇಳಿ ನಡೆದನಂತೆ. ಹೊಸ ಸಾಲು ನದಿಯ ಹತ್ತಿರ ಬಲಕ್ಕೆ ತಿರುಗುತ್ತದೆ. ಎದುರಿಗೆ ಮಂಜಿನಲ್ಲಿ ಅವನಿಗೆ ಕಂಡದ್ದು ನಾನು ಕೀಳದೆ ಬಿಟ್ಟ ಮೂರು ಕೊಂಬೆ, ಕೆಸರಿನ ಕಡೆ ಕರೆಯುತ್ತ.

ಅವನಿಗಿಂತ ಮೊದಲು ಬುಟ್ಟಿಗಳು ಮರಳಿ ಬಂದವು. ಮಧ್ಯಾಹ್ನದ ಉಬ್ಬರದ ಜೊತೆ ಒಂದೊಂದಾಗಿ ತೇಲಿಕೊಂಡು ಬಂದು ದಡದ ಹುಲ್ಲಿನ ಮೇಲೆ ಕೂತವು. ಸೈಲಸ್‌ನ ಹೆಂಡತಿ ಹೆಪ್ಸಿ ಅವನ್ನು ಎತ್ತಿ ನೀರು ಬಸಿದು ಒಂದರೊಳಗೊಂದು ಜೋಡಿಸುತ್ತಿದ್ದಳು. ಅವಳು ಅಳುತ್ತಿರಲಿಲ್ಲ. ಮುಂದಿನದು ಬರುವ ತನಕ ನೀರಿನ ಕಡೆ ನೋಡುತ್ತ ನಿಲ್ಲುವುದು, ಬಂದಾಗ ಎತ್ತುವುದು, ಅಷ್ಟೇ. ನಾನು ದೂರ ನಿಂತು ನೋಡಿದೆ. ಆಗಲೂ ನನಗೆ ಆ ಕೊಂಬೆಗಳ ನೆನಪಾಗಲಿಲ್ಲ.

ನೀರು ಇಳಿದ ಮೇಲೆ ಅಪ್ಪ ಇಬ್ಬರನ್ನು ಕರೆದುಕೊಂಡು ಹೋಗಿ ಸೈಲಸ್‌ನನ್ನು ತಂದ. ಸಂಜೆ ಮನೆಗೆ ಬಂದು ಬಾಗಿಲು ಹಾಕಿ, ಕೋಟಿನೊಳಗಿನಿಂದ ಮೂರು ಕೊಂಬೆ ತೆಗೆದ. ಒಂದೊಂದನ್ನೇ ಮೊಣಕಾಲಿಗೆ ಒತ್ತಿ ಮುರಿದು ಒಲೆಗೆ ತುರುಕಿದ. ಹಸಿ ಎಲೆ ಚಟಪಟ ಸಿಡಿಯಿತು, ಮನೆಯೆಲ್ಲ ಕಹಿ ಬಾದಾಮಿಯ ವಾಸನೆ. ಆಗ ನನಗೆ ನೆನಪಾಯಿತು, ಹದಿನಾಲ್ಕರಲ್ಲಿ ನಾನು ಕಿತ್ತದ್ದು ಹನ್ನೊಂದು.

“ಮಂಜು ಕಣೇ” ಎಂದ ಅಪ್ಪ, ನನ್ನ ಕಡೆ ನೋಡದೆ. “ಯಾರು ಕೇಳಿದ್ರೂ ಮಂಜು. ತಿಳೀತಾ?”

“ಅಪ್ಪಾ...”

“ನಾನು ಊದೋಕೆ ಮುಂಚೆ ಅವ್ನು ಹೊರಟಿದ್ದು ತಪ್ಪು. ಮಂಜು ಬಂದಿದ್ದು ಅವ್ನ ಗ್ರಹಚಾರ. ಈ ಮನೆ ಕಡವಿನ ಕೆಲ್ಸದ ಜೊತೆ ಬಂದ ಮನೆ. ನಿನ್ನ ಹೆಸ್ರು ಒಂದ್ಸಲ ಈ ಮಾತಲ್ಲಿ ಬಂದ್ರೆ ನಿನಗೆ ಮನೆಯೂ ಇಲ್ಲ, ಊರೂ ಇಲ್ಲ. ಬಾಯಿ ಮುಚ್ಕೊಂಡಿರು.”

ಮೂವತ್ತು ವರ್ಷ ಒಂದೂ ಸುಳ್ಳು ಕೊಂಬೆ ನೆಡದ ಮನುಷ್ಯ ಆವತ್ತು ಮೊದಲ ಸಲ ಸುಳ್ಳು ನೆಟ್ಟ. ನನಗಾಗಿ ನೆಟ್ಟ ಎಂಬುದೇ ನನಗೆ ತಡೆಯಲಾಗಲಿಲ್ಲ.

ಶವತನಿಖೆ ನಡೆದದ್ದು ಹೆಂಡದಂಗಡಿಯ ಮಹಡಿಯಲ್ಲಿ. ನಮ್ಮಲ್ಲಿ ಅದಕ್ಕೆ ಬೇರೆ ಜಾಗವಿಲ್ಲ. ಸೈಲಸ್‌ನನ್ನು ಕೆಳಗೆ ಲಾಯದಲ್ಲಿ ಬಾಗಿಲ ಹಲಗೆಯ ಮೇಲೆ ಮಲಗಿಸಿದ್ದರು. ತೀರ್ಪು ಕೊಡಲು ಊರಿನ ಹನ್ನೆರಡು ಗಂಡಸರು ಬೇಕು. ಅವರಲ್ಲಿ ಏಳು ಜನ ನಮಗೆ ನೆಂಟರು, ಉಳಿದ ಐವರು ಅಪ್ಪನ ಕೈಯಲ್ಲಿ ಒಮ್ಮೆಯಾದರೂ ಕೆಸರಿನಿಂದ ಎಳೆಸಿಕೊಂಡವರು. ಕಮ್ಮಾರ ಅವರ ಮುಖ್ಯಸ್ಥ. ಪಟ್ಟಣದಿಂದ ಬಂದ ತನಿಖಾಧಿಕಾರಿ ಶೀತ ಹಿಡಿದ ಮುದುಕ, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದ.

“ನೀವು ತೀರ್ಮಾನ ಮಾಡಬೇಕಾದ್ದು ಇಷ್ಟೇ” ಎಂದ ಅವನು. “ಇದರಲ್ಲಿ ಮನುಷ್ಯನ ಕೈ ಇದೆಯೋ, ಇಲ್ಲವೋ. ಇಲ್ಲ ಅಂದರೆ ಕಾನೂನಿನಲ್ಲಿ ಅದಕ್ಕೆ ಆಕ್ಟ್ ಆಫ್ ಗಾಡ್ ಅಂತಾರೆ. ಯಾರೂ ತಡೆಯೋಕಾಗದ್ದು.”

ಹನ್ನೆರಡು ಜನ ಆ ಮಾತನ್ನು ಬಾಯಲ್ಲಿಟ್ಟು ರುಚಿ ನೋಡಿದರು. ಅವರಿಗೆ ಅದು ಬಹಳ ಹಿಡಿಸಿತು. ಯಾರ ಮನೆಯ ಬಾಗಿಲನ್ನೂ ತಟ್ಟದ ಮಾತು. ಕಮ್ಮಾರ ಎದ್ದು ನಿಂತು, ಟೋಪಿ ಕೈಯಲ್ಲಿ ಹಿಂಡುತ್ತ, “ಅದೇ ಸ್ವಾಮಿ. ನೀವು ಹೇಳಿದ್ದೇ. ಆಕ್ಟ್ ಆಫ್ ಗಾಡ್” ಎಂದ.

ಹೆಪ್ಸಿ ಕಿಟಕಿಯ ಹತ್ತಿರ ಕೂತಿದ್ದಳು. ಮೂವತ್ತನಾಲ್ಕು ವರ್ಷದ ಗಟ್ಟಿ ಹೆಂಗಸು, ನಾಲಿಗೆಗೆ ಊರೇ ಹೆದರುತ್ತಿತ್ತು. ಅವಳು ಕೇಳಿದಳು:

“ಹಂಗಂದ್ರೆ ಯಾರೂ ಅಲ್ವಾ?”

“ಯಾರೂ ಅಲ್ಲಮ್ಮ” ಎಂದ ತನಿಖಾಧಿಕಾರಿ, ಪಾಪ, ಸಮಾಧಾನ ಹೇಳುವ ದನಿಯಲ್ಲಿ.

“ಯಾರೂ ಅಲ್ಲ” ಎಂದು ಅವಳು ಇನ್ನೊಮ್ಮೆ ಹೇಳಿ ಕಿಟಕಿಯ ಆಚೆ ನೋಡಿದಳು. ನಾನು ಅಪ್ಪನ ಪಕ್ಕದಲ್ಲಿ ನಿಂತು ನನ್ನ ಬೂಟನ್ನು ನೋಡುತ್ತಿದ್ದೆ.

ಆಮೇಲೆ ಊರು ಆ ಮಾತನ್ನು ಮನೆಮನೆಗೆ ಒಯ್ದು ಹಾಲಿಗೂ ರೊಟ್ಟಿಗೂ ಹಚ್ಚಿತು. ಹೆಪ್ಸಿ ಮಾತ್ರ ಅದನ್ನು ನುಂಗಲಾರದೆ ಉಗುಳಲಾರದೆ ಒದ್ದಾಡಿದಳು. ದಿನವೂ ಉಬ್ಬರದ ಹೊತ್ತಿಗೆ ದಡಕ್ಕೆ ಹೋಗಿ ನೀರಿಗೆ ಬೈಯುತ್ತಿದ್ದಳು. ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು, ಅಂಥ ಬೈಗುಳ. ನೀರು ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಹೋಗುತ್ತಿತ್ತು. ಒಂದು ತಿಂಗಳಾದ ಮೇಲೆ ಅದನ್ನೂ ಬಿಟ್ಟಳು. ಒಲೆ ಹಚ್ಚುವುದು ಬಿಟ್ಟಳು. ಅಕ್ಕಪಕ್ಕದವರು ತಂದಿಟ್ಟ ಗಂಜಿ ಹಾಗೇ ತಣ್ಣಗಾಗುತ್ತಿತ್ತು. ‘ಇವಳೂ ಗಂಡನ ಹಿಂದೆ ಹೊರಟಳು’ ಎಂದು ಹೆಂಗಸರು ಪಿಸುಗುಟ್ಟತೊಡಗಿದರು.

ಒಂದು ದಿನ ಬಾವಿಯ ಹತ್ತಿರ ಸಿಕ್ಕಳು. ಅವಳ ಕೊಡ ನಾನೇ ಎಳೆದುಕೊಟ್ಟೆ. ಅವಳ ಕೈಯಲ್ಲಿ ಬಲವಿರಲಿಲ್ಲ.

“ಏನಾದ್ರೂ ತಿನ್ನು ಹೆಪ್ಸಿ ಅಕ್ಕ.”

“ತಿಂದು?” ಎಂದಳು. ಕೊಡದ ಅಂಚಿನ ಮೇಲೆ ಗಲ್ಲ ಊರಿ ನಿಧಾನವಾಗಿ ಹೇಳಿದಳು: “ನಂಗೆ ಸಿಟ್ಟು ಇದೆ ಡಾರ್ಕಸ್. ಇಲ್ಲಿ, ಎದೆ ತುಂಬ. ಎಲ್ಲಿ ಇಡ್ಲಿ ಅದನ್ನ? ನೀರಿಗೆ ಬೈದ್ರೆ ನೀರು ಕೇಳತ್ತಾ? ದೇವ್ರ ಹತ್ರ ಜಗಳ ಆಡೋಣ ಅಂದ್ರೆ ಅವ್ನು ಬಾಗ್ಲಿಗೆ ಬರಲ್ಲ. ಒಬ್ಬ ಮನುಷ್ಯ ಸಿಕ್ಕಿದ್ರೆ ಸಾಕಿತ್ತು ಕಣೇ. ಕುಡುಕನೋ ಕಳ್ಳನೋ, ಒಬ್ಬ. ಕೊರಳಪಟ್ಟಿ ಹಿಡಿಯೋಕೆ ಒಂದು ಕೊರಳು.”

ನನಗೆ ನನ್ನ ಕೊರಳಿನ ಮೇಲೆ ಗಾಳಿ ಆಡಿದಂತಾಯಿತು. ಆ ರಾತ್ರಿ ನಿದ್ದೆ ಬಂತು ಎಂದು ಹೇಳಿದರೆ ಯಾರೂ ನಂಬಬೇಡಿ. ನಿಜ ಹೇಳಿದರೆ ಅಪ್ಪನ ಕೆಲಸ, ಮನೆ, ನನ್ನ ಮಾನ, ಎಲ್ಲ ಹೋಗುತ್ತದೆ. ಹೇಳದಿದ್ದರೆ ಹೆಪ್ಸಿ ಹೋಗುತ್ತಾಳೆ. ಇವೆರಡನ್ನು ಎಷ್ಟು ತೂಗಿದರೂ ಒಂದೇ ಕಡೆ ವಾಲುತ್ತಿತ್ತು, ನನಗೆ ಬೇಡದ ಕಡೆ.

ಗುರುವಾರ ಬೆಳಗ್ಗೆ ಹೋದೆ. ಅವಳ ಮನೆ ಊರಾಚೆ, ದಡದ ಬಂಡೆಗಳು ಮುಗಿಯುವಲ್ಲಿ. ಹೆಪ್ಸಿ ಒಲೆ ಉರಿಯದ ಅಡುಗೆಮನೆಯಲ್ಲಿ ಗಂಡನ ಕುರ್ಚಿಯ ಎದುರು ಕೂತಿದ್ದಳು. ನಾನು ನಿಂತೇ ಹೇಳಿದೆ. ಮೂರು ಕೊಂಬೆ ಕೀಳದೆ ಬಿಟ್ಟದ್ದು, ಅಪ್ಪ ಸುಟ್ಟದ್ದು, ಮಂಜು ಎಂದದ್ದು. ಬೇರೆ ಏನೂ ಸೇರಿಸಲಿಲ್ಲ. ಯಾಕೆ ಬಿಟ್ಟೆ ಎಂದು ಕೇಳಿದ್ದರೆ ನಾಚಿಕೆಯಿಂದ ಸಾಯುತ್ತಿದ್ದೆ, ಆದರೆ ಅವಳು ಕೇಳಲಿಲ್ಲ.

ಅವಳು ಎದ್ದು ಬಂದು ಕಪಾಳಕ್ಕೆ ಒಂದು ಬಿಗಿದಳು. ಅಷ್ಟು ದಿನ ಉಂಡಿಲ್ಲದವಳಿಗೆ ಆ ಬಲ ಎಲ್ಲಿಂದ ಬಂತೋ, ನಾನು ಬಾಗಿಲಿಗೆ ಹೋಗಿ ಬಡಿದೆ. ಆಮೇಲೆ ಬಾಯಿ ತೆರೆದಳು. ಒಂದು ತಿಂಗಳು ಸಮುದ್ರಕ್ಕೆ ಬೈದದ್ದು ಬರೀ ತಾಲೀಮು ಎಂದು ಆಗ ತಿಳಿಯಿತು. ನನ್ನ ಕಣ್ಣಿಗೆ, ಕಾಲಿಗೆ, ನನ್ನನ್ನು ಹೆತ್ತ ಹೊಟ್ಟೆಗೆ, ನಾನು ಮುಂದೆ ಹೆರಬಹುದಾದ ಮಕ್ಕಳಿಗೆ, ಒಂದನ್ನೂ ಬಿಡದೆ ಬೈದಳು. ಗಂಟಲು ಒಡೆದ ಮೇಲೆ ಕೂತಳು. ಬೆವರಿದ್ದಳು, ಮುಖಕ್ಕೆ ರಕ್ತ ಬಂದಿತ್ತು.

“ಹೋಗು” ಎಂದಳು. “ಮುಂದಿನ ಗುರುವಾರ ಬಾ.”

“ತನಿಖೆಯವ್ರಿಗೆ ಹೇಳ್ತೀಯಾ ಅಕ್ಕ?”

“ಹೇಳಿದ್ರೆ ನಿನ್ನ ಎತ್ಕೊಂಡು ಹೋಗ್ತಾರೆ. ಆಮೇಲೆ ನಾನು ಯಾರಿಗೆ ಬೈಲಿ? ನಿಮ್ಮಪ್ಪಂಗಾ? ಅವ್ನಿಗೆ ಕಿವಿ ಬೇರೆ ಮಂದ.” ಆಮೇಲೆ ಒಲೆಯ ಕಡೆ ತಿರುಗಿ, “ಹೋಗೋವಾಗ ಆ ಕಟ್ಟಿಗೆ ಇತ್ತ ತಳ್ಳು. ಚಳಿ ಆಗ್ತಿದೆ” ಎಂದಳು.

ಹಿಂತಿರುಗುವಾಗ ಅವಳ ಮನೆಯ ಮೇಲೆ ಹೊಗೆ ಏಳುತ್ತಿತ್ತು. ಕಪಾಳ ಉರಿಯುತ್ತಿತ್ತು. ನನಗೆ ಎಷ್ಟು ಸಂತೋಷವಾಯಿತು ಎಂದರೆ ದಡದ ಮೇಲೆ ಕೂತು ಗೊಳೋ ಎಂದು ಅತ್ತೆ.

ಹೀಗೆ ಗುರುವಾರಗಳು ಶುರುವಾದವು. ಒಂದೋ ಎರಡೋ ತಿಂಗಳು ನಡೆದೀತು ಎಂದುಕೊಂಡಿದ್ದೆ. ಮೂವತ್ತೆಂಟು ವರ್ಷ ನಡೆಯಿತು. ಮಳೆಯಿರಲಿ ಹಿಮವಿರಲಿ, ಗುರುವಾರ ಬೆಳಗ್ಗೆ ನಾನು ಬಂಡೆ ದಾಟಿ ಹೋಗಿ ಅವಳ ಅಡುಗೆಮನೆಯಲ್ಲಿ ನಿಲ್ಲಬೇಕು; ಅವಳು ಕೆಲಸ ಮಾಡುತ್ತ ಬೈಯಬೇಕು. ಊರಿನವರು, ‘ಡಾರ್ಕಸ್‌ಗೂ ಹೆಪ್ಸಿಗೂ ಎಂಥ ಗೆಳೆತನ’ ಎಂದರು. ಅಪ್ಪನಿಗೆ ಹೇಳದೆಯೇ ಗೊತ್ತಾಗಿತ್ತು. ನಾನು ಮನೆಗೆ ಬಂದು ಶಾಲು ತೆಗೆಯುವಾಗ ಒಂದೇ ಮಾತು ಕೇಳುತ್ತಿದ್ದ:

“ಬೈದ್ಲಾ?”

“ಬೈದ್ಲು.”

“ಒಳ್ಳೇದು” ಎಂದು ಪೈಪು ಹಚ್ಚಿಕೊಳ್ಳುತ್ತಿದ್ದ. ಕೊನೆಯ ಕಾಯಿಲೆಯಲ್ಲಿ ಯಾರ ಗುರುತೂ ಹತ್ತದಿದ್ದಾಗಲೂ ಗುರುವಾರ ಮಾತ್ರ ಅದನ್ನು ಕೇಳಿದ.

ವರ್ಷಗಳು ಹೋದಂತೆ ಬೈಗುಳ ಜಾಗ ಬದಲಿಸಿತು, ನಮ್ಮ ಎಲ್ಲರ್ ನದಿಯ ಹಾಗೆಯೇ. ಮೊದಲು ಸೈಲಸ್‌ನ ಹೆಸರು ಎತ್ತಿ ಬೈಯುತ್ತಿದ್ದವಳು ಆಮೇಲೆ ನಾನು ತಲೆ ಬಾಚಿದ ರೀತಿಗೆ, ನನ್ನ ರೊಟ್ಟಿ ಕಲ್ಲಾದದ್ದಕ್ಕೆ ಬೈದಳು. ನಾನು ಚಿಪ್ಪು ಆಯುವ ನೇಥನ್‌ನನ್ನು ಮದುವೆಯಾಗುತ್ತೇನೆ ಎಂದಾಗ ಚಾಕು ಕೆಳಗಿಟ್ಟು, “ಆ ಕೊರಡನ್ನಾ? ಅವ್ನು ಮಾತಾಡಿದ್ದನ್ನ ಯಾರಾದ್ರೂ ಕೇಳಿದಾರಾ? ನಿನ್ನಂಥವ್ಳಿಗೆ ಇನ್ನೇನು ಸಿಗತ್ತೆ, ಕಟ್ಕೋ” ಎಂದಳು. ಮೊದಲ ಹೆರಿಗೆಯಾದ ವಾರ ನಾನು ಹೋಗಲಿಲ್ಲ. ಹೆಪ್ಸಿ ತಾನೇ ಬಂದಳು, ಕೈಯಲ್ಲಿ ಕುರಿಮಾಂಸದ ಸಾರಿನ ಪಾತ್ರೆ. ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ಕುಡಿಸುತ್ತ, ಎರಡು ಗುಟುಕಿನ ನಡುವೆ ನನ್ನನ್ನು ಕೊಲೆಗಡುಕಿ ಎಂದಳು. ಸೂಲಗಿತ್ತಿ ಬೆಚ್ಚಿಬಿದ್ದು ಹೊರಗೆ ಹೋದಳು.

ಯಾರಾದರೂ ಇದನ್ನು ಕ್ಷಮೆ ಎಂದರೆ ನನಗೆ ಕೋಪ ಬರುತ್ತದೆ. ಹೆಪ್ಸಿ ನನ್ನನ್ನು ಕ್ಷಮಿಸಲಿಲ್ಲ. ಕ್ಷಮಿಸುತ್ತೇನೆ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳಿಗೆ ಒಂದು ಕೊರಳು ಬೇಕಿತ್ತು, ನನ್ನ ಹತ್ತಿರ ಒಂದಿತ್ತು. ನನ್ನ ತಪ್ಪನ್ನು ತಪ್ಪು ಎಂದು ನನ್ನ ಮುಖಕ್ಕೆ ಹೇಳುವವರು ಭೂಮಿಯ ಮೇಲೆ ಅವಳೊಬ್ಬಳೇ. ಆ ಒಂದು ಗಂಟೆ ನಾನು ಗುಟ್ಟು ಬಚ್ಚಿಟ್ಟ ಕಳ್ಳಿಯಾಗಿರಲಿಲ್ಲ. ಉಳಿದ ಆರು ದಿನ ಅದರ ಬಲದಲ್ಲೇ ನಡೆದಾಡುತ್ತಿದ್ದೆ.

ರೈಲು ಬಂತು, ಸೇತುವೆ ಬಂತು. ಈಗ ಮರಳಿನ ಮೇಲೆ ನಡೆಯುವವರಿಲ್ಲ, ಕೊಂಬೆ ನೆಡುವವರೂ ಇಲ್ಲ. ಚಿಪ್ಪು ಆಯುವವರ ಗಾಡಿಗಳು ದಡದ ಹತ್ತಿರವೇ ಸುಳಿದಾಡುತ್ತವೆ. ಆಚೆ ದಡ ಎಂದಾದರೂ ಮೇಲೇಳುವುದೇನೋ, ನಾನು ನೋಡಲು ಹೋಗುವುದಿಲ್ಲ.

ಎರಡು ವರ್ಷದ ಹಿಂದೆ ಹೆಪ್ಸಿಯ ಬೈಗುಳದ ನಡುವೆ ತೂತು ಬೀಳತೊಡಗಿದವು. ಬೈಯುತ್ತ ಬೈಯುತ್ತ ನಿಂತು, “ಏನಂದೆ ನಾನು?” ಎನ್ನುವಳು. ನಾನು ನೆನಪು ಮಾಡಿಕೊಡುತ್ತಿದ್ದೆ: “ನನ್ನ ಕಣ್ಣು ಕುರುಡಾಗ್ಲಿ ಅಂದೆ ಅಕ್ಕ.” “ಹಾಂ, ಆಗ್ಲಿ” ಎಂದು ಮುಂದುವರಿಸುತ್ತಿದ್ದಳು. ಆಮೇಲೆ ಸೈಲಸ್ ಸಂತೆಗೆ ಹೋಗಿದ್ದಾನೆ, ಇಳಿತಕ್ಕೆ ಬರುತ್ತಾನೆ ಎಂದು ಎರಡು ತಟ್ಟೆ ಇಡುವಳು. ನಾನು ಎರಡನೆಯ ತಟ್ಟೆ ಎತ್ತಿಡುತ್ತಿರಲಿಲ್ಲ. ಊರೆಲ್ಲ ಮಲಗಿ ಎದ್ದರೂ ಅವಳ ಮನೆಯಲ್ಲಿ ಒಂದೇ ಬೆಳಗು ನಿಂತುಬಿಟ್ಟಿತ್ತು, ಕೊಂಬು ಊದುವ ಮುಂಚಿನ ಬೆಳಗು.

ಕಳೆದ ಗುರುವಾರ ಹೋದಾಗ ಮಂಜಿತ್ತು. ದಡ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ತಿಳಿಯದಷ್ಟು ಬೆಳ್ಳಗಿನ ಮಂಜು. ಹೆಪ್ಸಿ ಒಲೆಯ ಮುಂದೆ ಕೂತಿದ್ದಳು, ಎಪ್ಪತ್ತೆರಡು ವರ್ಷದ ಹಕ್ಕಿಯಂಥ ಮುದುಕಿ. ನನ್ನನ್ನು ಕಂಡು ನಕ್ಕಳು. ಅವಳು ನನ್ನನ್ನು ಕಂಡು ನಕ್ಕದ್ದು ಆ ಮೂವತ್ತೆಂಟು ವರ್ಷದಲ್ಲಿ ಅದೇ ಮೊದಲು, ನನಗೆ ಭಯವಾಯಿತು.

“ಬಾ ಬಾ. ನೀನು ಬಹಳ ಸಲ ಬರ್ತೀಯಲ್ಲ? ಮುಖ ನೋಡಿದ ನೆನಪು.”

“ನಾನು ಡಾರ್ಕಸ್, ಅಕ್ಕ. ಏಬೆಲ್ ಮಗಳು.”

“ಹೌದಾ. ಕೂತ್ಕೋ.” ಮೂವತ್ತೆಂಟು ವರ್ಷ ನಾನು ಆ ಮನೆಯಲ್ಲಿ ಕೂತಿರಲಿಲ್ಲ. ಅವಳು ತೋರಿಸಿದ್ದು ಸೈಲಸ್‌ನ ಕುರ್ಚಿ. ಕೂರಲಾರದೆ ನಿಂತೆ. ಅವಳು ಕಿಟಕಿಯ ಬಿಳುಪನ್ನು ನೋಡುತ್ತ ಹುಬ್ಬು ಗಂಟಿಕ್ಕಿದಳು. “ನನ್ನ ಗಂಡ ಇದ್ದ ಅಲ್ವಾ? ಸತ್ತೋದ ಅಂತ ಪಕ್ಕದವಳು ಹೇಳಿದ್ಲು. ಹೆಂಗೆ ಸತ್ತ? ನಿಂಗೆ ಗೊತ್ತಾ?”

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ‘ಮಂಜಿನಿಂದ, ಅಕ್ಕ’ ಎಂದರೆ ಮುಗಿಯಿತು. ಊರೇ ಒಪ್ಪಿದ ಮಾತು, ಕಾಗದದಲ್ಲಿ ಬರೆದ ಮಾತು. ಈ ವಯಸ್ಸಿನಲ್ಲಿ ಈ ಮುದುಕಿಯ ಎದೆಗೆ ಮತ್ತೆ ಬೆಂಕಿ ಹಾಕುವುದು ಯಾವ ನ್ಯಾಯ ಎಂದೂ ಅನ್ನಿಸಿತು. ಆದರೆ ಹಿಡಿಯಲು ಒಂದು ಕೊರಳು ಸಿಗದೆ ಒಬ್ಬಳು ಸಾಯಲು ಕೂತದ್ದನ್ನು ನಾನು ಕಂಡಿದ್ದೆ.

“ನಾನು, ಅಕ್ಕ” ಎಂದೆ. “ನನ್ನಿಂದ. ಹಳೇ ದಾರಿ ಕೊಂಬೆ ಮೂರು ಕೀಳದೆ ಬಿಟ್ಟೆ. ಅದನ್ನ ನಂಬಿ ಅವ್ನು ನದಿಗೆ ಹೋದ.”

ಬಾಗಿಲಿಗೆ ಬೆನ್ನು ಕೊಟ್ಟು, ಕಪಾಳ ಒಡ್ಡಿಕೊಂಡು ಕಾದೆ.

ಹೆಪ್ಸಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ನನ್ನ ನರೆತ ಕೂದಲು, ಒದ್ದೆಯಾದ ಶಾಲು, ಬೂಟಿನ ಕೆಸರು. ಆಮೇಲೆ ಅಲ್ಲವೆಂದು ತಲೆಯಾಡಿಸಿದಳು.

“ಛೆ, ನೀನಾ? ಇಲ್ಲ ಬಿಡು. ಈ ಮಂಜಲ್ಲಿ ಒಂದು ಮುದುಕೀನ ನೋಡೋಕೆ ಬಂದಿದೀಯ. ನೀನು ಅಂಥವಳಲ್ಲ.” ಅವಳು ಕೈ ಚಾಚಿ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಒಲೆಯ ಬಿಸಿಗೆ ಬೆಚ್ಚಗಿತ್ತು. “ಅದು ದೇವ್ರ ಕೆಲ್ಸ ಇರ್ಬೇಕು ಮಗಳೇ. ಇದನ್ನೆಲ್ಲ ನೀನ್ಯಾಕೆ ಮನಸ್ಸಿಗೆ ಹಚ್ಕೋತೀಯ.”

“ಅಲ್ಲ ಅಕ್ಕ, ನಾನೇ. ಆಣೆ ಮಾಡಿ ಹೇಳ್ತೀನಿ, ನಾನೇ.”

“ಸರಿ ಸರಿ” ಎಂದು ಅವಳು ನನ್ನ ಕೈ ತಟ್ಟಿದಳು, ರಚ್ಚೆ ಹಿಡಿದ ಕೂಸನ್ನು ತಟ್ಟುವ ಹಾಗೆ.

ನಾನು ನೆಲದ ಮೇಲೆ ಮಂಡಿಯೂರಿದೆ. ಐವತ್ತೇಳು ವರ್ಷದ ಹೆಂಗಸು, ಮೊಮ್ಮಕ್ಕಳಿದ್ದವಳು, ಅವಳ ಮೊಣಕಾಲು ಹಿಡಿದುಕೊಂಡು ಬೇಡಿದೆ.

“ಬೈ ಹೆಪ್ಸಿ ಅಕ್ಕ. ಒಂದೇ ಒಂದು ಬೈಗುಳ ಬೈ.”

“ಬೈಯೋದಾ?” ಎಂದಳು ಅವಳು ಬೆರಗಾಗಿ, ನನ್ನ ಒದ್ದೆ ಕೂದಲನ್ನು ಹಣೆಯಿಂದ ಸರಿಸುತ್ತ. “ನಿನ್ನನ್ನ ಯಾಕೆ ಬೈಲಿ?”